ಫ್ರಾನ್ಸಿಗೆ ಬೇಡವಾದ ನಮ್ಮ ದ್ರಾಕ್ಷಿ

ಬೆಂಗಳೂರಲ್ಲಿ ತಳ್ಳುಗಾಡಿ ಮೇಲೆ ಮಾರುವ ಕಪ್ಪು ದ್ರಾಕ್ಷಿ ನಿಮಗೆ ಗೊತ್ತೇ ಇರುತ್ತೆ. ಗುಂಡಗೆ, ಮೇಲೆ ಬೂದಿ ಸವರಿದ ಹಾಗೆ ಒಂದು ತೆಳು ಪೊರೆ. ಬೆರಳಲ್ಲಿ ಒತ್ತಿದರೆ ಸಿಪ್ಪೆ ಕೈಯಲ್ಲೇ ಉಳಿದು ತಿರುಳು ಪುಳಕ್ಕನೆ ಬಾಯಿಗೆ ಜಾರುತ್ತೆ. ಒಳಗೆ ಬೀಜ, ಸಿಪ್ಪೆ ಹುಳಿ. ಬೀಜವಿಲ್ಲದ ಹಸಿರು ದ್ರಾಕ್ಷಿ ಸೂಪರ್ ಮಾರ್ಕೆಟ್ಟಿನ ಎ.ಸಿ.ಯಲ್ಲಿ ತಣ್ಣಗೆ ಮಲಗಿರುವಾಗ ಇದು ರಸ್ತೆ ಬದಿಯ ಬಿಸಿಲಲ್ಲಿ ತಕ್ಕಡಿಗೆ ಕಾಯುತ್ತಾ ಕೂತಿರುತ್ತೆ. ಜ್ಯೂಸ್ ಅಂಗಡಿಯಲ್ಲಿ ಗ್ರೇಪ್ ಜ್ಯೂಸ್ ಕೇಳಿದರೆ ಬರೋದು ಬಹುತೇಕ ಇದರದ್ದೇ. ಹೆಸರು ಬೆಂಗಳೂರು ಬ್ಲೂ. 2013ರಲ್ಲಿ ಇದಕ್ಕೆ ಭೌಗೋಳಿಕ ಸೂಚಕ, ಅಂದರೆ ಜಿಐ ಟ್ಯಾಗ್ ಸಿಕ್ಕಿತು. ಮೈಸೂರು ಮಲ್ಲಿಗೆ, ನಂಜನಗೂಡು ರಸಬಾಳೆಯ ಪಂಕ್ತಿಯಲ್ಲಿ ಕೂರುವ ಮರ್ಯಾದೆ ಅದು.

ಇದೇ ದ್ರಾಕ್ಷಿಯಿಂದ ವೈನ್ ಮಾಡಿ ಫ್ರಾನ್ಸಿನಲ್ಲಿ ಮಾರಿದರೆ ಕಾನೂನು ಮುರಿದ ಹಾಗೆ.

ತಮಾಷೆಯಲ್ಲ. 1934ರ ಡಿಸೆಂಬರ್ 24, ಕ್ರಿಸ್‌ಮಸ್ ಹಿಂದಿನ ದಿನ, ಫ್ರಾನ್ಸ್ ಒಂದು ಕಾನೂನು ತಂದಿತು. ಆರು ದ್ರಾಕ್ಷಿ ತಳಿಗಳನ್ನು ಹೆಸರು ಹಿಡಿದು ನಿಷೇಧಿಸಿತು: ನೋವಾ, ಒಥೆಲೊ, ಇಸಬೆಲ್, ಜಾಕೆ, ಕ್ಲಿಂಟನ್, ಎರ್ಬೆಮೋಂ. ಈ ಪಟ್ಟಿಯಲ್ಲಿರುವ ಇಸಬೆಲ್ ಅಂದರೆ ಅಮೆರಿಕ ಮೂಲದ ಇಸಬೆಲ್ಲಾ. ದ್ರಾಕ್ಷಿ ತಳಿಗಳ ಪುಸ್ತಕ ತೆಗೆದು ನೋಡಿ, ಇಸಬೆಲ್ಲಾದ ಪರ್ಯಾಯ ಹೆಸರುಗಳಲ್ಲಿ ಬೆಂಗಳೂರು ಬ್ಲೂ ಕೂಡ ಒಂದು.

ಒಂದೇ ಬಳ್ಳಿ ಒಂದು ಕಡೆ ಊರಿನ ಹೆಮ್ಮೆ, ಇನ್ನೊಂದು ಕಡೆ ಅಪರಾಧ. ಹೀಗ್ಯಾಕಾಯ್ತು ಅಂತ ಹುಡುಕುತ್ತಾ ಹೋದಾಗ ನನಗೆ ಸಿಕ್ಕಿದ್ದು ಅಗ್ಗದ ವೈನಿನ ಚರಿತ್ರೆ. ಕುಡಿಯುವ ವಸ್ತು ಕೀಳಾಗುವುದು ಲೋಟದಲ್ಲಲ್ಲ, ಬೇರೆಲ್ಲೋ ಅನ್ನೋದೇ ಆ ಚರಿತ್ರೆಯ ಸಾರ.

ನಾನೇನೂ ವೈನ್ ಪಂಡಿತನಲ್ಲ. ಪಾವಗಡ ತಾಲ್ಲೂಕಿನ ತಿರುಮಣಿಯವನು. ನಾನು ಬೆಳೆಯುವಾಗ ನಮ್ಮ ಕಡೆ ಕಣ್ಣಿಗೆ ಬೀಳುತ್ತಿದ್ದದ್ದು ಕಡ್ಲೇಕಾಯಿ ಹೊಲ, ಕಲ್ಲುಗುಡ್ಡ, ಹಳ್ಳದ ದಂಡೆಯ ಈಚಲು ಮರ. ವೈನ್ ಬಾಟಲಿಯನ್ನು ಹತ್ತಿರದಿಂದ ನೋಡಿದ್ದೇ ಬಿ.ಇ. ಮುಗಿಸಿ ಬೆಂಗಳೂರಿಗೆ ಬಂದ ಮೇಲೆ. ಆಫೀಸ್ ಕೆಲಸದ ಮೇಲೆ ಮೂರು ತಿಂಗಳು ಫ್ರಾನ್ಸಿನ ತುಲೂಸ್‌ನಲ್ಲಿದ್ದಾಗ ಮನೆ ಪಕ್ಕದ ಸೂಪರ್ ಮಾರ್ಕೆಟ್ಟಿನಲ್ಲಿ ಒಂದು ಗೋಡೆ ತುಂಬಾ ವೈನ್ ಇರುತ್ತಿತ್ತು. ಎಂಜಿನಿಯರ್ ಬುದ್ಧಿ ನೋಡಿ, ಬೆಲೆಯ ಪ್ರಕಾರ ಸಾರ್ಟ್ ಮಾಡಿದೆ. ಕಣ್ಣಿನ ಮಟ್ಟದ ಶೆಲ್ಫಿನಲ್ಲಿ ಬೋರ್ಡೋ. ಬಗ್ಗಿ ನೋಡಬೇಕಾದ ಕೆಳಗಿನ ಶೆಲ್ಫಿನಲ್ಲಿ ನಾಲ್ಕೈದು ಯೂರೋದ ಬಾಟಲಿಗಳು. ಅವುಗಳ ಮೇಲೆ ಕೋರ್ಬಿಯೇರ್, ಮಿನೆರ್ವುವಾ, ಸೇಂಟ್ ಶಿನಿಯಾನ್ ಅಂತ ನಾನು ಕೇಳಿಯೇ ಇಲ್ಲದ ಹೆಸರುಗಳು. ಎಲ್ಲವೂ ಲಾಂಗ್‌ದಾಕ್ ಪ್ರಾಂತ್ಯದವು. ಬಿಸಿಲು ಕುಡಿದ ಹಣ್ಣಿನ ರುಚಿ, ಬೆಟ್ಟದ ಪೊದೆಗಳ ಘಮ. ಇಷ್ಟು ಚೆನ್ನಾಗಿರೋದು ಇಷ್ಟು ಅಗ್ಗ ಯಾಕೆ ಅಂತ ಅಲ್ಲಿನ ಸಹೋದ್ಯೋಗಿಯೊಬ್ಬರನ್ನು ಕೇಳಿದೆ. "ಅಯ್ಯೋ, ಅದು ನಮ್ಮ ತಾತಂದಿರು ನೀರಿನ ಬದಲು ಕುಡೀತಿದ್ದದ್ದು" ಅಂತ ನಕ್ಕರು. ಉತ್ತರ ಆ ನಗುವಿನಲ್ಲೇ ಇತ್ತು. ಸರಿಯಾಗಿ ಅರ್ಥವಾಗಬೇಕಾದರೆ ಲಾಗ್ ಫೈಲನ್ನು ನೂರೈವತ್ತು ವರ್ಷ ಹಿಂದಕ್ಕೆ ಓದಬೇಕು.

ಲಾಂಗ್‌ದಾಕ್ ಇರುವುದು ಫ್ರಾನ್ಸಿನ ದಕ್ಷಿಣದಲ್ಲಿ, ಮೆಡಿಟರೇನಿಯನ್ ಸಮುದ್ರದ ದಂಡೆಗೆ. ಬಿಸಿಲು ಜಾಸ್ತಿ, ಮಳೆ ಕಮ್ಮಿ. ಒಂದು ರೀತಿ ಅವರ ಬಯಲುಸೀಮೆ. ದ್ರಾಕ್ಷಿಗೆ ಹೇಳಿ ಮಾಡಿಸಿದ ಜಾಗ. 1850ರ ದಶಕದಲ್ಲಿ ರೈಲು ಬಂತು. ಅಲ್ಲಿಂದ ಮುಂದೆ ಅರಾಮೊನ್ ಎಂಬ ತಳಿ ಬಯಲನ್ನೆಲ್ಲಾ ಆವರಿಸಿತು. ರುಚಿ ತೆಳು, ಇಳುವರಿ ಮಾತ್ರ ಸಿಕ್ಕಾಪಟ್ಟೆ. ಉತ್ತರದ ಕಾರ್ಖಾನೆ, ಗಣಿಗಳ ಕಾರ್ಮಿಕರಿಗೆ ರೈಲಿನಲ್ಲಿ ಪೀಪಾಯಿಗಟ್ಟಲೆ ಕೆಂಪು ವೈನ್ ಹೋಗತೊಡಗಿತು. ಕೂಲಿಯವನ ಜೇಬಿಗೆ ಎಟುಕುವ ವೈನ್ ಕೊಟ್ಟಿದ್ದಕ್ಕೆ ಲಾಂಗ್‌ದಾಕಿಗೆ ಅಂಟಿದ ಬಿರುದು "ಒರಟು ಕೆಂಪು".

ಅದೇ ಹೊತ್ತಿಗೆ ಯುರೋಪಿನ ಬಳ್ಳಿಗಳಿಗೆ ಬೂದಿ ರೋಗ ತಗುಲಿತು. ಆ ರೋಗ ತಡೆದುಕೊಳ್ಳುವ ಗಟ್ಟಿ ಬಳ್ಳಿ ಬೇಕು ಅಂತ ಅಮೆರಿಕದಿಂದ ಸಸಿ ತರಿಸಿದರು. ಹಾಗೆ ಬಂದವರಲ್ಲಿ ನಮ್ಮ ಇಸಬೆಲ್ಲಾ ಕೂಡ ಇದ್ದಳು. 19ನೇ ಶತಮಾನದ ಆರಂಭದಲ್ಲಿ ನ್ಯೂಯಾರ್ಕಿನ ಲಾಂಗ್ ಐಲೆಂಡಿನ ನರ್ಸರಿ ಮಾಲೀಕ ವಿಲಿಯಂ ಪ್ರಿನ್ಸ್ ಪ್ರಚಾರಕ್ಕೆ ತಂದ ತಳಿ ಅದು. ಇಸಬೆಲ್ಲಾ ಗಿಬ್ಸ್ ಎಂಬ ಮಹಿಳೆಯ ಹೆಸರಿಟ್ಟಿದ್ದರು. ಅಮೆರಿಕದ ಕಾಡುಬಳ್ಳಿ ಲಬ್ರುಸ್ಕಾ ಮತ್ತು ಯುರೋಪಿನ ನಾಡುಬಳ್ಳಿ ವಿನಿಫೆರಾ ಎರಡರ ರಕ್ತವೂ ಇರುವ ಮಿಶ್ರ ತಳಿ.

ಅಮೆರಿಕದ ಸಸಿಗಳ ಬೇರಿನಲ್ಲಿ ಒಬ್ಬ ಕಳ್ಳ ಪ್ರಯಾಣಿಕನೂ ಬಂದ. ಫಿಲಾಕ್ಸೆರಾ ಅನ್ನುವ ಹೇನಿನಂಥ ಸಣ್ಣ ಕೀಟ. 1860ರ ದಶಕದಲ್ಲಿ ಫ್ರಾನ್ಸಿನ ದಕ್ಷಿಣದಲ್ಲಿ ಬಳ್ಳಿಗಳು ಕಾರಣವೇ ಗೊತ್ತಾಗದೆ ಒಣಗತೊಡಗಿದವು. 1868ರಲ್ಲಿ ಮೊಂಪೆಲಿಯೆಯ ಸಸ್ಯವಿಜ್ಞಾನಿ ಜೂಲ್ಸ್ ಎಮಿಲ್ ಪ್ಲಾಂಶೊನ್ ತಂಡ ಬೇರು ಅಗೆದು ನೋಡಿದಾಗ ಕೀಟ ಸಿಕ್ಕಿತು. ಅಷ್ಟರಲ್ಲಿ ಅದು ದೇಶದೊಳಗೆ ಹರಡಿಯಾಗಿತ್ತು. 1875ರಲ್ಲಿ ಫ್ರಾನ್ಸ್ ಸುಮಾರು 840 ಕೋಟಿ ಲೀಟರ್ ವೈನ್ ಮಾಡಿತ್ತು; 1889ರ ಹೊತ್ತಿಗೆ ಅದು ಸುಮಾರು 230 ಕೋಟಿ ಲೀಟರಿಗೆ ಇಳಿಯಿತು. ಕೊನೆಗೆ ಪರಿಹಾರ ಸಿಕ್ಕಿದ್ದೂ ಅಮೆರಿಕದ ಬಳ್ಳಿಯಲ್ಲೇ. ಕೀಟಕ್ಕೆ ಜಗ್ಗದ ಅಮೆರಿಕದ ಬೇರಿನ ಮೇಲೆ ಫ್ರೆಂಚ್ ಬಳ್ಳಿಯನ್ನು ಕಸಿ ಕಟ್ಟಿದರು. ಇವತ್ತು ಸಾವಿರಾರು ರೂಪಾಯಿ ಕೊಟ್ಟು ಕುಡಿಯುವ ಬೋರ್ಡೋ ಬಾಟಲಿಯ ಬುಡದಲ್ಲಿರೋದೂ ಬಹುಮಟ್ಟಿಗೆ ಅಮೆರಿಕದ ಬೇರೇ.

ಕಸಿ ಕಟ್ಟೋಕೆ ದುಡ್ಡು ಬೇಕು, ಕೈಚಳಕ ಬೇಕು. ಸೆವೆನ್ ಅನ್ನುವ ಬೆಟ್ಟಸಾಲಿನ (ಇಂಗ್ಲಿಷಿನ ಏಳಲ್ಲ, ಹೆಸರೇ ಹಾಗೆ) ಸಣ್ಣ ಹಿಡುವಳಿದಾರರು ಆ ಉಸಾಬರಿಗೆ ಹೋಗಲಿಲ್ಲ. ಇಸಬೆಲ್ಲಾ, ಕ್ಲಿಂಟನ್, ಜಾಕೆ ಬಳ್ಳಿಗಳನ್ನು ನೇರವಾಗಿ ನೆಟ್ಟರು. ಅಂಗಳದ ಚಪ್ಪರಕ್ಕೆ ಹಬ್ಬಿಸಿದರು. ಔಷಧಿ ಹೊಡೆಯುವ ರಗಳೆ ಕಡಿಮೆ, ಮನೆ ಖರ್ಚಿಗೆ ವೈನ್ ಸಿಗುತ್ತಿತ್ತು. ನಮ್ಮ ಕಡೆ ಹಿತ್ತಲಲ್ಲಿ ನುಗ್ಗೆಮರ ಇದ್ದ ಹಾಗೆ.

ಬಯಲಿನ ಕಥೆ ಬೇರೆ. ಕಸಿ ಬಳ್ಳಿಗಳು ಫಲಕ್ಕೆ ಬಂದವು. ಬರಗಾಲದಲ್ಲಿ ಹುಟ್ಟಿಕೊಂಡಿದ್ದ ಒಣದ್ರಾಕ್ಷಿ ವೈನ್, ಸಕ್ಕರೆ ನೀರಿನ ನಕಲಿ ವೈನ್ ನಿಲ್ಲಲಿಲ್ಲ. ಆಗ ಫ್ರೆಂಚ್ ವಸಾಹತಾಗಿದ್ದ ಅಲ್ಜೀರಿಯಾದಿಂದಲೂ ಹಡಗುಗಟ್ಟಲೆ ವೈನ್ ಬಂತು. ಬೆಲೆ ನೆಲಕಚ್ಚಿತು. ಟೊಮೊಟೊ ರಸ್ತೆಗೆ ಸುರಿಯುವ ಕೋಲಾರದ ರೈತನ ಸ್ಥಿತಿ.

1907ರ ಮಾರ್ಚ್ 11ರಂದು ಆರ್ಜೆಲಿಯೆ ಎಂಬ ಹಳ್ಳಿಯಿಂದ 87 ಬೆಳೆಗಾರರು ನಾರ್ಬೋನ್ ಪಟ್ಟಣಕ್ಕೆ ನಡೆದು ಹೊರಟರು. ಮುಂದಾಳು ಮಾರ್ಸೆಲಾ ಆಲ್ಬೆರ್, ಹಳ್ಳಿಯ ಕಾಫಿ ಅಂಗಡಿಯಾತ. ವಾರ ವಾರಕ್ಕೂ ಜನ ಬೆಳೆದರು. ಜೂನ್ 9ರಂದು ಮೊಂಪೆಲಿಯೆಯಲ್ಲಿ ಸೇರಿದವರು ಐದು ಲಕ್ಷಕ್ಕೂ ಹೆಚ್ಚು ಅನ್ನುತ್ತಾರೆ. ಪ್ರಧಾನಿ ಕ್ಲೆಮಾನ್ಸೊ ಸೈನ್ಯ ಕಳಿಸಿದ. ನಾರ್ಬೋನ್‌ನಲ್ಲಿ ಗುಂಡು ಹಾರಿ ಜನ ಸತ್ತರು. ಅದೇ ಸೀಮೆಯ ರೈತರ ಮಕ್ಕಳೇ ತುಂಬಿದ್ದ 17ನೇ ಪದಾತಿ ದಳದ ಸೈನಿಕರು ದಂಗೆಯೆದ್ದರು. ಆಲ್ಬೆರ್ ಗುಟ್ಟಾಗಿ ಪ್ಯಾರಿಸಿಗೆ ಹೋಗಿ ಕ್ಲೆಮಾನ್ಸೊನನ್ನು ಕಂಡ. ಆ ಚತುರ ವಾಪಸ್ ಹೋಗೋಕೆ ರೈಲು ಖರ್ಚಿಗೆ ಅಂತ ನೂರು ಫ್ರಾಂಕ್ ಕೊಟ್ಟು, ಆ ಸುದ್ದಿಯನ್ನು ಪತ್ರಿಕೆಯವರಿಗೂ ಮುಟ್ಟಿಸಿದ. ನಾಯಕ ಮಾರಾಟವಾದ ಅಂತ ಊರು ನಂಬಿತು. ಮುಗೀತು ಅವನ ನಾಯಕತ್ವ. ಆದರೆ ಚಳವಳಿ ಬರಿಗೈಲಿ ಹೋಗಲಿಲ್ಲ. ಜೂನ್ 29ರಂದು ಬಂದ ಕಾನೂನಿನಲ್ಲಿ ಪ್ರತಿ ಬೆಳೆಗಾರನೂ ತನ್ನ ಫಸಲಿನ ಲೆಕ್ಕ ಘೋಷಿಸಬೇಕು, ವೈನಿಗೆ ಸೇರಿಸುವ ಸಕ್ಕರೆಯ ಮೇಲೆ ಹಿಡಿತ ಇರಬೇಕು ಅಂತಾಯ್ತು. ನಕಲಿಗೆ ಕಡಿವಾಣ ಬಿತ್ತು.

ನಕಲಿ ಹೋದರೂ ಅತಿಬೆಳೆ ಹೋಗಲಿಲ್ಲ. 1934ರಲ್ಲಿ ಮತ್ತೆ ಬಂಪರ್ ಫಸಲು, ಮತ್ತೆ ಬೆಲೆ ಕುಸಿತ. ಯಾರಾದರೂ ಬಳ್ಳಿ ಕೀಳಲೇಬೇಕಿತ್ತು. ಯಾರದ್ದು? ದೊಡ್ಡ ತೋಟಗಳದ್ದಲ್ಲ, ಅಲ್ಜೀರಿಯಾದ ವಸಾಹತುಗಾರರದ್ದೂ ಅಲ್ಲ. ಚಪ್ಪರದ ಕೆಳಗಿನ ಬಡವರ ಆರು ತಳಿ ಪಟ್ಟಿಗೆ ಬಿದ್ದವು. ಕುಡಿದರೆ ಹುಚ್ಚು ಹಿಡಿಯುತ್ತೆ, ಕಣ್ಣು ಹೋಗುತ್ತೆ, ಮೆಥನಾಲ್ ಇದೆ ಅಂತ ಮಾತು ಹಬ್ಬಿತು. ಹುದುಗಿಸಿದ ಎಲ್ಲ ಹಣ್ಣಿನ ರಸದಲ್ಲೂ ಚೂರು ಮೆಥನಾಲ್ ಇದ್ದೇ ಇರುತ್ತೆ. ಈ ತಳಿಗಳಲ್ಲಿ ಪೆಕ್ಟಿನ್ ಜಾಸ್ತಿ ಇರೋದರಿಂದ ಒಂದಿಷ್ಟು ಹೆಚ್ಚು. ನಿಜವಾದ ಕಾರಣ ಮಾರುಕಟ್ಟೆಯಲ್ಲಿತ್ತು. ಮನೆಯಲ್ಲಿ ಮಾಡಿ ಕುಡಿಯಲು ಅಡ್ಡಿಯಿಲ್ಲ, ಮಾರುವಂತಿಲ್ಲ, ಹೊಸದಾಗಿ ನೆಡುವಂತಿಲ್ಲ. 1950ರ ದಶಕದಲ್ಲಿ ಕಿತ್ತವರಿಗೆ ಸಹಾಯಧನ, ಕೀಳದವರಿಗೆ ದಂಡ.

ಈಗ ಒಂದು ತಾರೀಕು ಗಮನಿಸಿ. ಈ ನಿಷೇಧ ಬಂದ ಏಳೇ ತಿಂಗಳಿಗೆ, 1935ರ ಜುಲೈ 30ರಂದು, ಫ್ರಾನ್ಸ್ ಇನ್ನೊಂದು ವ್ಯವಸ್ಥೆ ಕಟ್ಟಿತು. ಇಂಥ ಊರು, ಇಂಥ ತಳಿ, ಇಂಥ ಪದ್ಧತಿ ಇದ್ದರೆ ಮಾತ್ರ ಇಂಥ ಹೆಸರು ಅಂತ ಕಾಯುವ ಎ.ಓ.ಸಿ. ಪದ್ಧತಿ. ನಾವು ಇವತ್ತು ಮೆಚ್ಚುವ ಫ್ರೆಂಚ್ ಲೇಬಲ್ಲಿನ ಗತ್ತು ಹುಟ್ಟಿದ್ದು ಅಲ್ಲಿಂದ. ನಮ್ಮ ಜಿಐ ಟ್ಯಾಗಿನ ಕಲ್ಪನೆಗೂ ಅದೇ ಅಜ್ಜ. ಅಂದರೆ ಯಾವುದು ಶ್ರೇಷ್ಠ ಅನ್ನುವ ಪಟ್ಟಿ, ಯಾವುದು ಕೀಳು ಅನ್ನುವ ಪಟ್ಟಿ ಎರಡೂ ಒಂದೇ ಬಿಕ್ಕಟ್ಟಿನ ಅವಳಿ ಮಕ್ಕಳು. ಮೊದಲ ಪಟ್ಟಿಗೆ ಲಾಂಗ್‌ದಾಕ್ ನಿಧಾನಕ್ಕೆ ಸೇರಿತು. ಸೇಂಟ್ ಶಿನಿಯಾನಿಗೆ ಎ.ಓ.ಸಿ. ಸಿಕ್ಕಿದ್ದು 1982ರಲ್ಲಿ, ಕೋರ್ಬಿಯೇರ್ ಮತ್ತು ಮಿನೆರ್ವುವಾಗೆ 1985ರಲ್ಲಿ. ಅಷ್ಟರಲ್ಲಿ ಅರಾಮೊನ್ ಕಿತ್ತು ಒಳ್ಳೆ ತಳಿ ಹಾಕಿದ್ದರು, ಬಯಲು ಬಿಟ್ಟು ಕಲ್ಲುಗುಡ್ಡ ಹತ್ತಿದ್ದರು. ವೈನ್ ಬದಲಾಯಿತು, ಹಳೇ ಹೆಸರು ಬದಲಾಗಲಿಲ್ಲ. ತುಲೂಸಿನ ಕೆಳಗಿನ ಶೆಲ್ಫಿನ ನಾಲ್ಕೈದು ಯೂರೋ ಬೆಲೆಯಲ್ಲಿ ಆ ಹಳೇ ಹೆಸರಿನ ಡಿಸ್ಕೌಂಟ್ ಸೇರಿದೆ. ಕೊಳ್ಳುವವನಿಗೆ ಅದು ಲಾಭ. ಬೆಳೆಯುವವನಿಗೆ ತಾತನ ಕಾಲದ ಸಾಲ.

ನಮ್ಮ ಕಡೆ ಒಂದು ಗಾದೆ ಇದೆ: ಈಚಲ ಮರದ ಕೆಳಗೆ ಕೂತು ಮಜ್ಜಿಗೆ ಕುಡಿದರೂ ಹೆಂಡ ಅಂತಾರೆ. ಲಾಂಗ್‌ದಾಕ್ ಕಥೆ ಓದಿದಾಗಲೆಲ್ಲಾ ನನಗೆ ಇದೇ ನೆನಪಾಗೋದು. ಮರ ನೋಡಿ ಲೋಟದ ತೀರ್ಪು ಕೊಡುವ ಅಭ್ಯಾಸ ನಮ್ಮಲ್ಲೂ ಇದೆ, ಕಾನೂನಿನ ಪುಸ್ತಕದಲ್ಲೂ ಇದೆ.

ಕರ್ನಾಟಕದಲ್ಲಿ 2004ರಲ್ಲಿ ಸೇಂದಿ ನಿಷೇಧವಾಯಿತು. ಕರಾವಳಿಯ ತೆಂಗಿನ ಕಳ್ಳಿಗೆ ಮಾತ್ರ ವಿನಾಯಿತಿ ಉಳಿಯಿತು. ನಮ್ಮ ಬಯಲುಸೀಮೆಯ ಈಚಲು ಮರ ಹತ್ತುತ್ತಿದ್ದವರ ಕಸುಬು ಹೋಯಿತು. ಪಾವಗಡ ತಾಲ್ಲೂಕಿನ ಸುತ್ತ ಬಹುಪಾಲು ಆಂಧ್ರವೇ. ಗಡಿ ದಾಟಿದರೆ ಅದೇ ಮರ ಹತ್ತೋದು ಲೈಸೆನ್ಸ್ ಇರುವ ಕಸುಬು, ಅದಕ್ಕೆ ಸಹಕಾರ ಸಂಘಗಳೂ ಇವೆ. 2007ರ ಜುಲೈ 1ರಿಂದ ಸಾರಾಯಿ ನಿಷೇಧವಾಯಿತು. ಅದೇ 2007ರಲ್ಲಿ ರಾಜ್ಯ ಸರ್ಕಾರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನೂ ತಂದಿತು. ವೈನರಿಗಳಿಗೆ ಉತ್ತೇಜನ, ವೈನ್ ಮಂಡಳಿ, ಆಮೇಲೆ ವೈನ್ ಮೇಳಗಳು. ಸಾರಾಯಿ ನಿಷೇಧ ಬೇಡವಾಗಿತ್ತು ಅಂತ ನಾನು ಹೇಳ್ತಿಲ್ಲ. ಸಾರಾಯಿ ಅಂಗಡಿ ಎಷ್ಟು ಮನೆ ತೊಳೆಯಿತು ಅನ್ನೋದನ್ನು ಹಳ್ಳಿಯಲ್ಲಿ ಬೆಳೆದವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಆದರೆ ಸಾರಾಯಿಯೂ ಸೇಂದಿಯೂ ಒಂದೇ ಅಲ್ಲ. ಒಂದು ಬಟ್ಟಿ ಇಳಿಸಿದ್ದು, ಇನ್ನೊಂದು ವೈನಿನ ಹಾಗೇ ಹುದುಗು ಬಂದಿದ್ದು. ಹುದುಗಿದ ಈಚಲ ರಸ ಕೆಟ್ಟ ಚಟವಾಯಿತು, ಹುದುಗಿದ ದ್ರಾಕ್ಷಿ ರಸ ಕೃಷಿ ಉದ್ಯಮವಾಯಿತು. ಈ ವ್ಯತ್ಯಾಸವನ್ನು ಯಾವ ಕೆಮಿಸ್ಟ್ರಿ ಲ್ಯಾಬೂ ಹಿಡಿದು ತೋರಿಸಲಾರದು.

ಬೆಂಗಳೂರು ಬ್ಲೂ ಈ ಎರಡು ಲೋಕಗಳ ನಡುವೆ ಸಿಕ್ಕಿಕೊಂಡಿದೆ. ಬೆಂಗಳೂರಿನ ಸುತ್ತ ನೂರೈವತ್ತು ವರ್ಷದಿಂದ ಇದೆ ಅನ್ನೋದು ವಾಡಿಕೆಯ ಲೆಕ್ಕ. ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರ, ಕೋಲಾರದ ಕೆಂಪು ಮಣ್ಣು, ತಣ್ಣನೆ ರಾತ್ರಿ ಇದಕ್ಕೆ ಒಗ್ಗಿ ಹೋಗಿದೆ. ಫ್ರಾನ್ಸಿನಲ್ಲಿ ಬಳ್ಳಿ ಚಳಿಗಾಲವಿಡೀ ಮಲಗಿ ವರ್ಷಕ್ಕೊಂದು ಫಸಲು ಕೊಟ್ಟರೆ ಇಲ್ಲಿ ಎರಡು ಫಸಲು ತೆಗೆಯಬಹುದು. ಬೆಂಗಳೂರಿನ ಆಂಗ್ಲೋ ಇಂಡಿಯನ್ ಮನೆಗಳಲ್ಲಿ ಕ್ರಿಸ್‌ಮಸ್ ವೈನ್ ಅಂದರೆ ಇದೇ ದ್ರಾಕ್ಷಿಯದ್ದು. ಅಂಗಡಿಗಳಲ್ಲಿ ಪೋರ್ಟ್ ಅಂತ ಮಾರುವ ಸಿಹಿ ಕೆಂಪು ವೈನಿಗೂ ಇದು ಹೋಗುತ್ತೆ. ಹುಳಿ ಜಾಸ್ತಿ, ವೈನಿಗೆ ಬೇಕಾದಷ್ಟು ಸಕ್ಕರೆ ಹಣ್ಣಲ್ಲಿ ಕೂಡಲ್ಲ, ಅದಕ್ಕೇ ಮೇಲಿಂದ ಸಕ್ಕರೆ. ವೈನ್ ಪಂಡಿತರು ಮೂಗು ಮುರಿಯೋದು ಇದರ ವಾಸನೆಗೆ. ಲಬ್ರುಸ್ಕಾ ದ್ರಾಕ್ಷಿಗಳಲ್ಲಿ ಮೀಥೈಲ್ ಆಂಥ್ರನಿಲೇಟ್ ಅನ್ನುವ ರಾಸಾಯನಿಕ ಇರುತ್ತೆ. ದ್ರಾಕ್ಷಿ ಫ್ಲೇವರಿನ ಚೂಯಿಂಗ್ ಗಮ್, ಚಾಕಲೇಟಿನ ಘಮ ಅದೇ. ನಮಗೆ ಬಾಲ್ಯದ ಪರಿಮಳ, ಬೋರ್ಡೋ ಶಾಲೆಯಲ್ಲಿ ಕಲಿತ ಮೂಗಿಗೆ "ನರಿ ವಾಸನೆ".

1988ರಲ್ಲಿ ಕನ್ವಲ್ ಗ್ರೋವರ್ ನಂದಿಬೆಟ್ಟದ ಬುಡದಲ್ಲಿ, ದೊಡ್ಡಬಳ್ಳಾಪುರದ ಹತ್ತಿರ, ಫ್ರಾನ್ಸಿನಿಂದ ತಂದ ತಳಿಗಳ ತೋಟ ಹಾಕಿದರು. ಬೋರ್ಡೋದ ಹೆಸರಾಂತ ವೈನ್ ತಜ್ಞ ಮಿಶೆಲ್ ರೋಲಾಂ ಸಲಹೆಗಾರರಾಗಿ ಬಂದರು. ಕ್ಯಾಬರ್ನೆ, ಶಿರಾಜ್ ನಮ್ಮ ಕೆಂಪು ಮಣ್ಣಲ್ಲೂ ಚೆನ್ನಾಗಿ ಬರುತ್ತೆ ಅಂತ ಜಗತ್ತಿಗೆ ಗೊತ್ತಾಯಿತು. ಅದು ದೊಡ್ಡ ಸಾಧನೆ. ಹಾಗೆ ಒಂದೇ ಸೀಮೆಯಲ್ಲಿ ಫ್ರಾನ್ಸ್ ಮೆರೆಸಿದ ಬಳ್ಳಿ, ಫ್ರಾನ್ಸ್ ಓಡಿಸಿದ ಬಳ್ಳಿ ಎರಡೂ ಬೆಳೆಯತೊಡಗಿದವು. ಮೊದಲನೆಯದಕ್ಕೆ ಟೇಸ್ಟಿಂಗ್ ಟೂರ್, ಎರಡನೆಯದಕ್ಕೆ ತಳ್ಳುಗಾಡಿ.

ಹೀಗೇ ಇರಬೇಕೆಂದೇನಿಲ್ಲ. ಆಸ್ಟ್ರಿಯಾದ ಬುರ್ಗೆನ್‌ಲಾಂಡ್ ಪ್ರಾಂತ್ಯದಲ್ಲಿ ಇಸಬೆಲ್ಲಾ ಮತ್ತು ಅದರ ಬಂಧುಗಳಿಂದ ಉಹುಡ್ಲರ್ ಅನ್ನುವ ವೈನ್ ಮಾಡುತ್ತಾರೆ. ಅಲ್ಲೂ ಅದನ್ನು ನಿಷೇಧಿಸಿದ್ದರು. ರೈತರು ಪಟ್ಟು ಹಿಡಿದರು, 1992ರಲ್ಲಿ ಮಾರಾಟಕ್ಕೆ ಒಪ್ಪಿಗೆ ಸಿಕ್ಕಿತು. ಈಗ ಅದು ಆ ಸೀಮೆಯ ವಿಶೇಷ. ಬೋರ್ಡೋ ಥರ ಇಲ್ಲ ಅನ್ನುವ ಕೊರಗು ಅವರಿಗಿಲ್ಲ, ನಮ್ಮ ಊರಿನ ಘಮ ಇದು ಅಂತ ಮಾರುತ್ತಾರೆ. ಬ್ರೆಜಿಲಿನ ದಕ್ಷಿಣದಲ್ಲಿ ಇಟಲಿಯಿಂದ ವಲಸೆ ಹೋದವರ ಮನೆಮನೆಯ ವೈನ್ ಇಸಬೆಲ್ಲಾದ್ದೇ.

ನೀವು ಕೇಳಬಹುದು, ದುಡ್ಡಿಗೆ ತಕ್ಕ ವೈನ್ ಬೇಕಾದರೆ ಈಗ ಏನು ಕೊಳ್ಳಬೇಕು? ಫ್ರಾನ್ಸಿಗೆ ಹೋದರೆ ಬಗ್ಗಿ ಕೆಳಗಿನ ಶೆಲ್ಫ್ ನೋಡಿ. ಷಾಂಪೇನ್ ಬೆಲೆ ನೋಡಿ ಎದೆ ಝಲ್ಲೆಂದರೆ ಲಿಮೂ ಪಟ್ಟಣದ ನೊರೆ ವೈನ್ ಬ್ಲಾಂಕೆಟ್ ಕೇಳಿ, ಅದಕ್ಕೆ 1938ರಿಂದ ಎ.ಓ.ಸಿ. ಇದೆ. ಆದರೆ ಅದೇ ಬಾಟಲಿಯನ್ನು ಬೆಂಗಳೂರಲ್ಲಿ ಹುಡುಕಿದರೆ ಲೆಕ್ಕ ತಲೆಕೆಳಗಾಗುತ್ತೆ. ಆಮದು ವೈನಿನ ಮೇಲೆ ನಮ್ಮಲ್ಲಿ ವರ್ಷಗಟ್ಟಲೆ ಇದ್ದ ಕಸ್ಟಮ್ಸ್ ಸುಂಕವೇ ಶೇ. 150, ಅದರ ಮೇಲೆ ಅಬಕಾರಿ, ಸಾಗಣೆ, ಅಂಗಡಿಯವರ ಲಾಭ. ನಾಲ್ಕು ಯೂರೋ ವೈನ್ ಹಲವು ಪಟ್ಟು ಬೆಲೆಯ ಫಾರಿನ್ ವೈನ್ ಆಗುತ್ತೆ. ಅಗ್ಗ ಅನ್ನೋದು ಹಡಗು ಹತ್ತಲ್ಲ. ಅದನ್ನು ಬೆಳೆದ ಊರಲ್ಲೇ ಕುಡಿಯಬೇಕು. ನಮಗೆ ಆ ಊರು ನಂದಿಯ ಸುತ್ತಮುತ್ತ.

ಜಾಗದ ಬೆಲೆಯೂ ಹೀಗೇ. ನಮ್ಮ ತಿರುಮಣಿ ಸುತ್ತ ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ ಈಗ 2,050 ಮೆಗಾವ್ಯಾಟಿನ ಸೋಲಾರ್ ಪಾರ್ಕ್ ಇದೆ. ಎಕರೆಗೆ ವರ್ಷಕ್ಕೆ 21,000 ರೂಪಾಯಿ ಗುತ್ತಿಗೆಯಿಂದ ಶುರುವಾಯಿತು. ಯಾವ ಬಿಸಿಲನ್ನು ನಮ್ಮ ಹಿರಿಯರು ಶಾಪ ಅಂತಿದ್ದರೋ ಅದಕ್ಕೇ ಬಾಡಿಗೆ ಬಂತು. ಬಿಸಿಲು ಬದಲಾಗಲಿಲ್ಲ, ಲೆಕ್ಕ ಬರೆಯುವವರು ಬದಲಾದರು. ಅತ್ತ ದೇವನಹಳ್ಳಿಯಲ್ಲಿ ಇದು ಉಲ್ಟಾ ನಡೆಯಿತು. 2008ರ ಮೇ ತಿಂಗಳಲ್ಲಿ ಏರ್‌ಪೋರ್ಟ್ ಶುರುವಾದ ಮೇಲೆ ಸುತ್ತಲ ದ್ರಾಕ್ಷಿ ತೋಟಗಳಿಗೆ ದ್ರಾಕ್ಷಿಯ ಬೆಲೆಯಲ್ಲ, ಸೈಟಿನ ಬೆಲೆ ಕಟ್ಟಿದರು. ಕಲ್ಲುಕಂಬದ ಚಪ್ಪರ ಇದ್ದ ಕಡೆ ಲೇಔಟಿನ ಕಮಾನು ಎದ್ದಿತು.

ಕಿಲೋ ಲೆಕ್ಕದಲ್ಲಿ ಬೆಂಗಳೂರು ಬ್ಲೂ ಮಾರುವ ರೈತ ಆ ಕಮಾನಿನ ಎದುರು ಎಷ್ಟು ದಿನ ನಿಲ್ಲಬಲ್ಲ? ಜಿಐ ಟ್ಯಾಗ್ ಒಂದೇ ಅವನನ್ನು ಉಳಿಸಲ್ಲ. ಹೆಸರಿಗೆ ಬೆಲೆ ಬರೋದು ಅದನ್ನು ಕೇಳಿ ಕೊಳ್ಳುವವರು ಇದ್ದಾಗ. ಫ್ರಾನ್ಸಿನಲ್ಲಿ ಸರ್ಕಾರ ದಂಡ ಹಾಕಿ ಇಸಬೆಲ್ಲಾ ಕೀಳಿಸಿತು. ನಮ್ಮಲ್ಲಿ ಯಾರೂ ದಂಡ ಹಾಕಬೇಕಿಲ್ಲ, ನಾವು ಕೇಳದೇ ಇದ್ದರೆ ಸಾಕು. ನಂದಿಬೆಟ್ಟಕ್ಕೆ ಸನ್‌ರೈಸ್ ನೋಡೋಕೆ ಹೋಗುವವರು ವಾಪಸ್ ಬರುವಾಗ ದಾರಿ ಬದಿಯ ಚಪ್ಪರದ ಹತ್ತಿರ ಗಾಡಿ ನಿಲ್ಲಿಸಿ ಎರಡು ಕೆ.ಜಿ. ತಗೊಳ್ಳಿ. ವೈನರಿಗೆ ಹೋದರೆ ಬೆಂಗಳೂರು ಬ್ಲೂದ್ದು ಏನಾದರೂ ಮಾಡ್ತೀರಾ ಅಂತ ಒಂದು ಮಾತು ಕೇಳಿ. ಕೌಂಟರಿನವರು ನಕ್ಕರೆ ನಗಲಿ. ಲಾಂಗ್‌ದಾಕ್ ವೈನಿನ ಬಗ್ಗೆ ಕೇಳಿದಾಗಲೂ ನಕ್ಕಿದ್ದರು.